ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ನಿವಾಸಿ ಶುಲ್ಕ ಪಡೆಯುವುದು ಹೇಗೆ?

ಅಕ್ಟೋಬರ್ ಬಂದಿತೆಂದರೆ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಕಾಲೇಜು ಅರ್ಜಿಯ ಗಡಿಬಿಡಿ ಶುರುವಾಗುತ್ತದೆ. ಮಗಳ ಪ್ರಬಂಧವನ್ನು ಹತ್ತು ಸಲ ತಿದ್ದಿಸುವ ತಂದೆತಾಯಿ, ನಿವಾಸ ಸ್ಥಾನವನ್ನು ಕೇಳುವ ಪುಟವನ್ನು ಮಾತ್ರ ಎರಡು ನಿಮಿಷದಲ್ಲಿ ಮುಗಿಸಿ, ಮುಂದೆ ಬಿಲ್ಲು ಕೈಗೆ ಬಂದಾಗ ದಿಗಿಲುಬೀಳುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ, ಸೇರಿದ ಹೊಸ ಪದವಿ ವಿದ್ಯಾರ್ಥಿಗೆ ನಿವಾಸಿಯಲ್ಲವೆಂಬ ಒಂದೇ ಕಾರಣಕ್ಕೆ ಬೀಳುವ ಹೆಚ್ಚುವರಿ ಶುಲ್ಕ ವರ್ಷಕ್ಕೆ 37,602 ಡಾಲರ್. ಆದ್ದರಿಂದ ಆ ಪುಟಕ್ಕೆ ಒಂದು ಭಾನುವಾರವನ್ನೇ ಮೀಸಲಿಡಿ.

ಹೆಜ್ಜೆ 1: ಯಾವ ಬಾಗಿಲು ನಿಮ್ಮದೆಂದು ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲ ಬಾಗಿಲು ನಿವಾಸ. ಪೌರತ್ವ ಬೇರೆ, ಶುಲ್ಕಕ್ಕಾಗಿ ನೋಡುವ ನಿವಾಸ ಬೇರೆ. ಸಾಂತಾ ಕ್ಲಾರಾದಲ್ಲಿ ಹುಟ್ಟಿ, ಅಮೆರಿಕದ ಪಾಸ್‌ಪೋರ್ಟ್ ಹೊಂದಿ, ಬೆಂಗಳೂರಿನಲ್ಲಿ ಬೆಳೆದು ಓದಿದ ಹುಡುಗ ಹದಿನೆಂಟಕ್ಕೆ ಒಬ್ಬನೇ ಹಿಂದಿರುಗಿದರೆ, ಅವನು ಪೌರನಾಗಿದ್ದರೂ ಕ್ಯಾಲಿಫೋರ್ನಿಯಾದ ನಿವಾಸಿಯಲ್ಲ. ಅದೇ ಫ್ರೀಮಾಂಟ್‌ನಲ್ಲಿ ಅಪ್ಪ ಅಮ್ಮನೊಂದಿಗೆ ಎಂಟು ವರ್ಷ ಇದ್ದು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಹುಡುಗಿ ಪೌರಳಲ್ಲದಿದ್ದರೂ ನಿವಾಸಿಯಾಗಬಲ್ಲಳು. ಅಪ್ಪ ಅಥವಾ ಅಮ್ಮ ಎಚ್-1ಬಿ ಅಥವಾ ಎಲ್-1 ಉದ್ಯೋಗ ವೀಸಾದಲ್ಲಿದ್ದು, ಮಕ್ಕಳು ಎಚ್-4 ಅಥವಾ ಎಲ್-2 ವೀಸಾದಲ್ಲಿದ್ದರೆ, ಆ ಕುಟುಂಬ ಇಲ್ಲಿ ಕಾನೂನುಬದ್ಧವಾಗಿ ನೆಲೆ ಸ್ಥಾಪಿಸಬಹುದು ಎಂಬುದು ಈ ರಾಜ್ಯದ ನಿಲುವು. ಎಫ್-1 (ವಿದ್ಯಾರ್ಥಿ), ಜೆ-1 (ವಿನಿಮಯ), ಬಿ-2 (ಪ್ರವಾಸಿ) ವೀಸಾದವರಿಗೆ ಈ ಅವಕಾಶವಿಲ್ಲ. ಅವರು ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಲೆಕ್ಕಕ್ಕೆ ಬರುವುದಿಲ್ಲ. ‘ನಮ್ಮದು ತಾತ್ಕಾಲಿಕ ವೀಸಾ ತಾನೇ’ ಎಂದು ಸಂಕೋಚಪಟ್ಟು ‘ನಿವಾಸಿಯಲ್ಲ’ ಎಂದು ಗುರುತು ಹಾಕಿದ ಎಚ್-4 ಕುಟುಂಬಗಳನ್ನು ನಾನು ಬಲ್ಲೆ. ಆ ಸಂಕೋಚ ಬೇಡ.

ಎರಡನೆಯ ಬಾಗಿಲು 2001ರಲ್ಲಿ ಅಂಗೀಕಾರವಾದ ಎಬಿ 540 ಕಾನೂನು. ರಾಜ್ಯದ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿ ಇಲ್ಲಿಯೇ ತೇರ್ಗಡೆಯಾದವರಿಗೆ ಅದು ಹೆಚ್ಚುವರಿ ಶುಲ್ಕದಿಂದ ವಿನಾಯಿತಿ ಕೊಡುತ್ತದೆ. 2017ರ ತಿದ್ದುಪಡಿಯು ವಯಸ್ಕರ ಶಾಲೆ ಮತ್ತು ಕಮ್ಯುನಿಟಿ ಕಾಲೇಜಿನ ಓದನ್ನೂ ಮಿತಿಯೊಳಗೆ ಲೆಕ್ಕಕ್ಕೆ ಸೇರಿಸಿತು. ಇದು ದಾಖಲೆಯಿಲ್ಲದ ವಲಸಿಗರಿಗೆ ಮಾತ್ರ ಎಂಬ ನಂಬಿಕೆ ತಪ್ಪು. ಮಗ ಇಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಸಂಸಾರ ಕಟ್ಟಿಕೊಂಡು ಮೈಸೂರಿಗೆ ಮರಳಿದ ಕುಟುಂಬದ ಪೌರ ಮಗನಿಗೂ ಇದು ಅನ್ವಯಿಸುತ್ತದೆ. ವಿನಾಯಿತಿ ನಿಂತಿರುವುದು ಶಾಲೆಯ ಮೇಲೆ, ವಾಸದ ಮೇಲಲ್ಲ ಎಂಬ ಕಾರಣದಿಂದಲೇ 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಆದರೆ ಎಚ್-4ರಂಥ ವೀಸಾ ಚಾಲ್ತಿಯಲ್ಲಿರುವವರಿಗೆ ಈ ಬಾಗಿಲು ಮುಚ್ಚಿದೆ; ಅವರು ಮೊದಲನೆಯದರಿಂದಲೇ ಬರಬೇಕು.

ಹೆಜ್ಜೆ 2: ದಿನಗಳನ್ನು ಎಣಿಸಿ

ಕಾಲೇಜು ಗೊತ್ತುಮಾಡುವ ನಿವಾಸ ನಿರ್ಧಾರದ ದಿನಕ್ಕೆ ಮುಂಚೆ 366 ದಿನ, ಅಂದರೆ ಒಂದು ವರ್ಷದ ಮೇಲೆ ಒಂದು ದಿನ, ಇಲ್ಲಿ ನೆಲೆಸಿರಬೇಕು. ಹದಿನೆಂಟು ತುಂಬದವರಿಗೆ ಹೆತ್ತವರ ನಿವಾಸವೇ ನಿವಾಸ.

ಹೆಜ್ಜೆ 3: ಕಾಗದ ಕೂಡಿಸಿ

ವಾಸವಿದ್ದರೆ ಸಾಲದು, ಇಲ್ಲಿಯೇ ಇರುವ ಉದ್ದೇಶವನ್ನೂ ತೋರಿಸಬೇಕು, ಮತ್ತು ಆ ಉದ್ದೇಶದ ಕಾಗದಗಳಿಗೂ ವರ್ಷ ತುಂಬಿರಬೇಕು. ಟೆಕ್ಸಾಸ್‌ನಿಂದ ಜೂನ್‌ನಲ್ಲಿ ಬಂದು, ಚಾಲನಾ ಪರವಾನಗಿಯನ್ನು ಮುಂದಿನ ಫೆಬ್ರವರಿಯವರೆಗೆ ಬದಲಾಯಿಸದೆ ಕಾರನ್ನು ಹಳೆಯ ರಾಜ್ಯದ ನಂಬರಿನಲ್ಲಿಯೇ ಓಡಿಸಿದ ಕುಟುಂಬ ಜೂನ್‌ನಿಂದ ದಿನ ಎಣಿಸಿದರೂ, ಅಧಿಕಾರಿ ಫೆಬ್ರವರಿಯಿಂದ ಎಣಿಸುವ ಸಾಧ್ಯತೆಯೇ ಹೆಚ್ಚು. ಬಂದ ತಿಂಗಳೇ ಪರವಾನಗಿ, ವಾಹನ ನೋಂದಣಿ ಮತ್ತು ಬಾಡಿಗೆ ಕರಾರನ್ನು ಸರಿಪಡಿಸಿಕೊಳ್ಳಿ. ರಾಜ್ಯದ ಆದಾಯ ತೆರಿಗೆಯಲ್ಲಿ ಪೂರ್ಣ ವರ್ಷದ ನಿವಾಸಿಗಳು ಸಲ್ಲಿಸುವ ನಮೂನೆಯ ಸಂಖ್ಯೆಯೂ 540. ಕಾನೂನಿನ 540ಕ್ಕೂ ಇದಕ್ಕೂ ನಂಟಿಲ್ಲ, ಗೊಂದಲ ಬೇಡ. ಭಾಗಶಃ ವರ್ಷದವರ 540ಎನ್‌ಆರ್ ಸಲ್ಲಿಸಿದ್ದರೆ ಪ್ರಶ್ನೆ ಬಂದೇ ಬರುತ್ತದೆ, ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕು. ಉದ್ದೇಶ ತೋರಿಸುವ ದಾಖಲೆಗಳ ಪಟ್ಟಿಯಲ್ಲಿ ಮತದಾರರ ನೋಂದಣಿಯೂ ಇರುತ್ತದೆ, ಅದು ಪೌರರಿಗೆ ಮಾತ್ರ. ವಾಹನ ಇಲಾಖೆಯ, ಅಂದರೆ ಡಿಎಂವಿಯ, ಅರ್ಜಿಯಲ್ಲಿಯೂ ಮತದಾನದ ಪ್ರಶ್ನೆ ಅಡಗಿರುತ್ತದೆ. ಎಚ್-4 ಹುಡುಗನೊಬ್ಬ ಪಟ್ಟಿ ತುಂಬಿಸುವ ಉತ್ಸಾಹದಲ್ಲಿ ಅಲ್ಲಿ ‘ಹೌದು’ ಎಂದರೆ, ಪೌರನೆಂದು ಸುಳ್ಳು ಹೇಳಿದ ಆರೋಪ ಅವನ ಗ್ರೀನ್ ಕಾರ್ಡಿಗೇ ಕುತ್ತು ತರಬಹುದು. ಶುಲ್ಕ ಉಳಿಸಲು ಹೋಗಿ ದೇಶವನ್ನೇ ಬಿಡಬೇಕಾದೀತು.

ಚಿಕ್ಕಪ್ಪನ ಮನೆಯ ವಿಳಾಸ ಕೊಡುವ ಅಡ್ಡದಾರಿಯನ್ನು ಸಲಹೆ ಮಾಡುವವರು ಪ್ರತಿ ಪಾಟ್‌ಲಕ್‌ನಲ್ಲಿಯೂ ಸಿಗುತ್ತಾರೆ. ಅವರಿಗೆ ಇನ್ನೊಂದು ಹೋಳಿಗೆ ಬಡಿಸಿ ಸುಮ್ಮನಾಗಿಸಿ. ದಾಖಲೆಗಳನ್ನು ಫೋನಿನ ಚಿತ್ರಗಳಲ್ಲಿ ನೆಚ್ಚಿಕೊಳ್ಳದೆ, ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿಡಿ.

ಹೆಜ್ಜೆ 4: ನಮೂನೆ ಸಲ್ಲಿಸಿ

ಯುಸಿಗೆ ಪ್ರವೇಶ ಖಚಿತವಾದ ಮೇಲೆ ನಿವಾಸದ ಹೇಳಿಕೆ, ಎಬಿ 540ರವರು ವಿನಾಯಿತಿ ಕೋರಿಕೆಯ ಪ್ರಮಾಣಪತ್ರ.

ಹೆಜ್ಜೆ 5: ವಿದ್ಯಾರ್ಥಿವೇತನ

ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಕೇಂದ್ರದ ವಿದ್ಯಾರ್ಥಿ ನೆರವಿಗಾಗಿ ಇರುವ ಫಾಫ್ಸಾ ಅರ್ಜಿ ತುಂಬಬೇಕು. ಹೆತ್ತವರು ಭಾರತದಲ್ಲಿದ್ದು ಅವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ಪೌರ ಮಗು ಅರ್ಜಿ ಹಾಕಬಹುದು. ದಾಖಲೆಯಿಲ್ಲದ ಎಬಿ 540 ವಿದ್ಯಾರ್ಥಿಗಳಿಗೆ 2011ರ ಕಾನೂನುಗಳಿಂದ ಬಂದ ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಅರ್ಜಿ ಇದೆ. ವಾಡಿಕೆಯ ಗಡುವು ಮಾರ್ಚ್ 2. ನೀವು ಫೆಬ್ರವರಿಯಲ್ಲೇ ಮುಗಿಸಿ. ಎಚ್-4 ಮಕ್ಕಳಿಗೆ ಕೇಂದ್ರದ ನೆರವಿಲ್ಲ. ಕಾಲೇಜಿನ ಸ್ವಂತ ಪ್ರತಿಭಾ ವೇತನ ಮತ್ತು ಖಾಸಗಿ ನಿಧಿಗಳನ್ನೇ ಹುಡುಕಬೇಕು. ಫಾಫ್ಸಾ, ಡ್ರೀಮ್ ಆ್ಯಕ್ಟ್ ಎರಡೂ ಅರ್ಜಿಗಳು ಉಚಿತ. ‘ಸ್ಕಾಲರ್‌ಶಿಪ್ ಖಾತ್ರಿ’ ಎಂದು ಮುಂಗಡ ಕೇಳುವ ಯಾವ ಸೇವೆಗೂ ಒಂದು ಡಾಲರನ್ನೂ ಕೊಡಬೇಡಿ.

ಬೇರೆ ರಾಜ್ಯದ ಬಂಧುಗಳ ಅನುಭವವನ್ನು ಇಲ್ಲಿಗೆ ಅನ್ವಯಿಸಬೇಡಿ. ಎಬಿ 540ರಂಥ ವಿನಾಯಿತಿಯನ್ನು 2001ರಲ್ಲಿ ಎಲ್ಲರಿಗಿಂತ ಮೊದಲು ತಂದ ಟೆಕ್ಸಾಸ್‌ನಲ್ಲಿ, ದಾಖಲೆಯಿಲ್ಲದವರಿಗೆ ಅದು ಅನ್ವಯಿಸದಂತೆ 2025ರ ಜೂನ್‌ನಲ್ಲಿ ಕೇಂದ್ರ ನ್ಯಾಯಾಲಯ ತಡೆಯಿತು. ಫ್ಲೋರಿಡಾ ಅದೇ ವರ್ಷ ತನ್ನ ಕಾನೂನನ್ನು ತಾನೇ ರದ್ದುಮಾಡಿತು. ಕ್ಯಾಲಿಫೋರ್ನಿಯಾದ ಮೇಲೂ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ದಾವೆ ಹೂಡಿದ್ದರಿಂದ, ನಮೂನೆ ಸಲ್ಲಿಸುವ ವಾರ ಕಾಲೇಜಿನ ಜಾಲತಾಣವನ್ನು ಮತ್ತೊಮ್ಮೆ ನೋಡಿ.

ಹೆಜ್ಜೆ 6: ಇಪ್ಪತ್ತೊಂದನೆಯ ಹುಟ್ಟುಹಬ್ಬ

ಆ ದಿನ ಎಚ್-4 ಕೊನೆಗೊಳ್ಳುತ್ತದೆ. ಎಫ್-1ಕ್ಕೆ ಬದಲಾದ ವಿದ್ಯಾರ್ಥಿಯ ನಿವಾಸಿ ಸ್ಥಾನ ಪದವಿಯ ಮಧ್ಯದಲ್ಲಿಯೇ ಮರುಪರಿಶೀಲನೆಗೆ ಬರಬಹುದು. ಗ್ರೀನ್ ಕಾರ್ಡಿನ ಸರದಿಯಲ್ಲಿರುವ ಮಕ್ಕಳ ವಯಸ್ಸನ್ನು ಕಾಯುವ 2002ರ ಕಾನೂನಿನ ಲೆಕ್ಕವೂ 2025ರ ಆಗಸ್ಟ್ 15ರಿಂದ ಬಿಗಿಯಾಗಿದೆ: ಈಗ ಗ್ರೀನ್ ಕಾರ್ಡಿನ ಸರದಿಯನ್ನು ತಿಳಿಸುವ ವೀಸಾ ಬುಲೆಟಿನ್‌ನ ಅಂತಿಮ ಕ್ರಮದ ದಿನಾಂಕಗಳ ಪಟ್ಟಿಯನ್ನೇ ನೋಡುತ್ತಾರೆ, ಭಾರತೀಯರ ಮಟ್ಟಿಗೆ ಅದು ಬಹಳ ಹಿಂದಿದೆ. ಹೀಗಾಗಿ ಇಪ್ಪತ್ತು ತುಂಬಿದ ತಿಂಗಳೇ ವಲಸೆ ವಕೀಲರೊಬ್ಬರನ್ನು ಕಾಣಿರಿ, ಮತ್ತು ವೀಸಾ ಬದಲಾವಣೆಯ ಐ-539 ನಮೂನೆಗೆ ಸಹಿ ಹಾಕುವ ಮೊದಲು, ಶುಲ್ಕ ಏನಾಗುತ್ತದೆಂದು ಕ್ಯಾಂಪಸ್ಸಿನ ನಿವಾಸ ಅಧಿಕಾರಿಯನ್ನು ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಅದೇ ಕಡತಕ್ಕೆ ಸೇರಿಸಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ಬಿಲ್ಲು ಬಂದ ದಿನ ಯಾರೂ ನೆನಪಿಸಿಕೊಳ್ಳುವುದಿಲ್ಲ.