ಬಾಳಿಕೆ ಬರುವ ಟೈರ್ ಲಿವರ್ ಆರಿಸುವುದು ಹೇಗೆ

ಸೈಕಲ್ ಟೈರನ್ನು ರಿಮ್ಮಿನಿಂದ ಮೀಟಿ ಬಿಚ್ಚುವ ಪುಟ್ಟ ಸಲಕರಣೆಯೇ ಟೈರ್ ಲಿವರ್. ಬಿಚ್ಚುವಾಗ ಅದು ಮುರಿದರೆ ಬೈಗುಳ ಬೀಳುವುದು ಪ್ಲಾಸ್ಟಿಕ್ಕಿಗೆ. ಆದರೆ ಮುರಿದ ತುಂಡನ್ನು ಒಮ್ಮೆ ತಿರುಗಿಸಿ ನೋಡಿ. ಹೆಚ್ಚಿನ ಸಲ ಅದು ಮುರಿದಿರುವುದು ತುದಿಯಿಂದ ಒಂದು, ಒಂದೂವರೆ ಸೆಂಟಿಮೀಟರ್ ಹಿಂದೆ, ಬಾಗಿದ ಮೂಗು ಹಿಡಿಕೆಗೆ ಸೇರುವ ಕತ್ತಿನಲ್ಲಿ. ಕಾರಣ ಸರಳ ಲೆಕ್ಕದಲ್ಲಿದೆ. ಮೀಟುವಾಗ ಲಿವರ್ ರಿಮ್ಮಿನ ಅಂಚಿಗೆ ಆತುಕೊಂಡಿರುತ್ತದೆ. ಅಂಚಿನಿಂದ ತುದಿಗೆ 1 ಸೆಂ.ಮೀ., ಅಂಚಿನಿಂದ ಕೈಗೆ 10 ಸೆಂ.ಮೀ. ಇದ್ದರೆ, ಕೈಯಿಂದ 10 ಕೆ.ಜಿ.ಯಷ್ಟು ಒತ್ತಿದಾಗ ತುದಿಯ ಮೇಲೆ 100 ಕೆ.ಜಿ.ಯಷ್ಟು ಬೀಳುತ್ತದೆ. ಲಿವರನ್ನು ಬಾಗಿಸುವ ಒತ್ತಡ ಅತಿ ಹೆಚ್ಚಾಗುವುದು ಅಂಚು ತಾಗುವ ಆ ಒಂದೇ ಜಾಗದಲ್ಲಿ. ಆದ್ದರಿಂದ ಕೊಳ್ಳುವಾಗ ಮೊದಲು ಪರೀಕ್ಷಿಸಬೇಕಾದ್ದು ಈ ಕತ್ತನ್ನೇ.

ಕತ್ತಿನ ದಪ್ಪ ಎರಡರಷ್ಟಾದರೆ ಬಾಗುವಿಕೆಯನ್ನು ತಡೆದುಕೊಳ್ಳುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಗಲ ಎರಡರಷ್ಟಾದರೆ ಶಕ್ತಿಯೂ ಎರಡೇ ಪಟ್ಟು. ಅಂದರೆ ದಪ್ಪವೇ ಮುಖ್ಯ. ತೊಡಕೆಂದರೆ, ತುದಿ ದಪ್ಪವಿದ್ದರೆ ಅದು ಟೈರಿನ ಬೀಡ್ ಮತ್ತು ರಿಮ್ಮಿನ ನಡುವೆ ನುಗ್ಗುವುದಿಲ್ಲ. (ಬೀಡ್ ಎಂದರೆ ಟೈರಿನ ಒಳ ಅಂಚಿನಲ್ಲಿ ತಂತಿ ಅಥವಾ ಗಟ್ಟಿ ನೂಲು ಹುದುಗಿಸಿದ ದಿಂಡು.) ಹಾಗಾಗಿ ಒಳ್ಳೆಯ ಲಿವರಿನ ತುದಿ ಸುಮಾರು 2 ಮಿ.ಮೀ.ಯಷ್ಟು ತೆಳ್ಳಗಿದ್ದು, ಅಲ್ಲಿಂದ ಹಿಂದಕ್ಕೆ ಬೇಗ ದಪ್ಪಗಾಗುತ್ತ ಹೋಗುತ್ತದೆ. ಪಕ್ಕದಿಂದ ನೋಡಿದರೆ ಬೆಣೆಯ ಹಾಗೆ ಕಾಣಬೇಕು. ತುದಿಯಿಂದ ಹಿಡಿಕೆಯವರೆಗೆ ಒಂದೇ ದಪ್ಪದ ಪಟ್ಟಿಯಂತಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಬಾಗಿದ ಮೂಗಿನ ಒಳಮೂಲೆ ದುಂಡಗಿದೆಯೇ ಎಂದು ಬೆರಳಿಂದ ಸವರಿ ನೋಡಿ. ಚೂಪಾದ ಮೂಲೆಯಲ್ಲಿ ಒತ್ತಡ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಹಗುರವಾಗಲೆಂದೋ ಅಂದಕ್ಕೆಂದೋ ಕತ್ತಿನ ಹತ್ತಿರ ತೂತು ಬಿಟ್ಟಿರುವುದು, ಅಕ್ಷರ ಆಳವಾಗಿ ಕೊರೆದಿರುವುದು ಕೂಡ ಅಷ್ಟೇ ಕೆಟ್ಟದ್ದು. ಬೆನ್ನಿನ ಮೇಲೆ ಉದ್ದಕ್ಕೂ ಏಣು ಇದ್ದರೆ ಒಳ್ಳೆಯದು, ಆದರೆ ಆ ಏಣು ಕತ್ತನ್ನು ದಾಟಿ ಮೂಗಿನವರೆಗೆ ಬಂದಿರಬೇಕು. ಹಿಡಿಕೆಯಲ್ಲೇ ನಿಂತುಹೋದ ಏಣಿನಿಂದ ಪ್ರಯೋಜನವಿಲ್ಲ.

ಉದ್ದದ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಉದ್ದ ಲಿವರ್ ಗಟ್ಟಿ ಎಂದುಕೊಳ್ಳುತ್ತಾರೆ. ಉದ್ದ ಹೆಚ್ಚಿದಷ್ಟೂ ಕೈಗೆ ಸುಲಭವಾಗುತ್ತದೆ, ನಿಜ. ಅದೇ ಕಾರಣಕ್ಕೆ ಕತ್ತಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ. ಜೊತೆಯಲ್ಲಿ ಒಯ್ಯಲು 11ರಿಂದ 13 ಸೆಂ.ಮೀ. ಸಾಕು. 20 ಸೆಂ.ಮೀ. ಉದ್ದದ್ದು ಬೇಕಾದರೆ ಅದು ಉಕ್ಕಿನದೇ ಆಗಿರಬೇಕು, ಅದರ ಜಾಗ ರಿಪೇರಿ ಮೇಜು.

ತುದಿಯ ಅಗಲವನ್ನು ನಿಮ್ಮ ಚಕ್ರ ನೋಡಿ ತೀರ್ಮಾನಿಸಿ. 700ಸಿ, ಅಂದರೆ ಟೈರಿನ ಬದಿಯಲ್ಲಿ 622 ಎಂಬ ಅಂಕಿ (ಬೀಡ್ ಕೂರುವಲ್ಲಿ ರಿಮ್ಮಿನ ವ್ಯಾಸ, ಮಿ.ಮೀ.ಗಳಲ್ಲಿ) ಇರುವ ಚಕ್ರಕ್ಕೆ 15 ಮಿ.ಮೀ.ಗಿಂತ ಅಗಲದ ತುದಿ ಚೆನ್ನಾಗಿ ಹೊಂದುತ್ತದೆ. ಬಲ ಹರಡಿಹೋಗುತ್ತದೆ, ಬೀಡಿಗೂ ರಿಮ್ಮಿಗೂ ಏಟಾಗುವುದಿಲ್ಲ. ಒಮ್ಮೆ ಮೀಟಿದ ಮೇಲೆ ಅದೇ ಲಿವರನ್ನು ರಿಮ್ಮಿನ ಸುತ್ತ ಜಾರಿಸಿಕೊಂಡು ಹೋಗಬಹುದು. 406, 349ರಂಥ ಚಿಕ್ಕ ಚಕ್ರಗಳಲ್ಲಿ ರಿಮ್ಮಿನ ಬಾಗು ಹೆಚ್ಚು. ಅಗಲವಾದ ಚಪ್ಪಟೆ ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಒಂದು ಮೂಲೆಯ ಮೇಲೆ ಭಾರ ಬಿದ್ದು ಚೂರು ಕಿತ್ತು ಬರುತ್ತದೆ. ಅವುಗಳಿಗೆ 10 ಮಿ.ಮೀ. ಆಸುಪಾಸಿನ ಕಿರಿದಾದ ತುದಿಯೇ ಸರಿ. ಮೂಗಿನ ಬಾಗು ಬೀಡನ್ನು ಹಿಡಿಯುವಷ್ಟು ಮಾತ್ರ ಇರಲಿ. ಬಾಗು ತೀರ ಆಳವಿದ್ದರೆ ಒಳಗಿನ ಟ್ಯೂಬನ್ನೂ ಸೇರಿಸಿ ಹಿಡಿದುಕೊಂಡು ಬರುತ್ತದೆ. ಹೊಸ ತೂತಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಇನ್ನು ಯಾವುದರಿಂದ ಮಾಡಿದ್ದು ಎಂಬುದು. ಇದನ್ನು ನಿರ್ಧರಿಸುವುದು ನಿಮ್ಮ ರಿಮ್.

ಕಾರ್ಬನ್ ರಿಮ್ಮಿಗೆ ಲೋಹದ ಲಿವರ್ ತಾಗಿಸಲೇಬೇಡಿ. ಅಂಚಿನ ಒಂದು ಚೂರು ಎದ್ದರೂ ಎಳೆಗಳು ಬಿಚ್ಚಿಕೊಳ್ಳುತ್ತವೆ, ಆ ಹಾನಿ ಸರಿಹೋಗುವಂಥದ್ದಲ್ಲ. ಅಲ್ಯುಮಿನಿಯಂ ರಿಮ್ ಮೇಲೆ ಉಕ್ಕಿನ ಲಿವರ್ ಗಾಯ ಮಾಡುತ್ತದೆ. ರಿಮ್ ಬ್ರೇಕಿನ ಸೈಕಲ್ಲಾದರೆ ಗಾಯದ ಸುತ್ತ ಎದ್ದ ಮುಳ್ಳು ಬ್ರೇಕ್ ರಬ್ಬರನ್ನು ಕೆರೆದು ತಿನ್ನುತ್ತದೆ. ಟ್ಯೂಬ್‌ಲೆಸ್ ಆದರೆ ಒಳಗಿನ ಟೇಪು ಹರಿದು ಗಾಳಿ ಸೋರುತ್ತದೆ. ಉಕ್ಕಿನ ಲಿವರ್ ನಿಶ್ಚಿಂತೆಯಿಂದ ಬಳಸಬಹುದಾದ್ದು ಹಳೆಯ ಮಾದರಿಯ ಉಕ್ಕಿನ ರಿಮ್‌ಗಳಲ್ಲಿ, 635 ಅಳತೆಯ ದೊಡ್ಡ ಚಕ್ರಗಳಂಥವುಗಳಲ್ಲಿ. ಅಲ್ಯುಮಿನಿಯಂ ಲಿವರ್ ಕೊಳ್ಳಬೇಡಿ: ರಿಮ್ಮನ್ನು ಗೀಚುವಷ್ಟು ಗಟ್ಟಿ, ಬಾಗದೆ ಉಳಿಯುವಷ್ಟು ಗಟ್ಟಿಯಲ್ಲ.

ಉಳಿದ ಎಲ್ಲ ಕೆಲಸಕ್ಕೂ ನೈಲಾನ್. ಅದರಲ್ಲೂ ಗಾಜಿನ ಎಳೆ ಬೆರೆಸಿದ ನೈಲಾನ್ ಬಾಗುವುದು ಕಡಿಮೆ, ತುದಿಯೂ ಬೇಗ ಮೆತ್ತಗಾಗುವುದಿಲ್ಲ. ಬರಿಯ ನೈಲಾನ್ ಮುರಿಯುವ ಮೊದಲು ಚೆನ್ನಾಗಿ ಬಾಗಿ ಎಚ್ಚರಿಕೆ ಕೊಡುತ್ತದೆ. ಎಳೆ ಬೆರೆಸಿದ್ದು ಕಡಿಮೆ ಬಾಗಿ ಪಟ್ಟನೆ ಹೋಗುತ್ತದೆ. ಆದರೂ ಬಿಗಿಯಾದ ಟೈರಿನೊಂದಿಗೆ ಮತ್ತೆ ಮತ್ತೆ ಹೆಣಗುವವರಿಗೆ ಎಳೆ ಬೆರೆಸಿದ್ದೇ ವಾಸಿ. ನೈಲಾನ್ ಗಾಳಿಯ ತೇವ ಹೀರಿಕೊಂಡಿದ್ದರೆ ಮುರಿಯದೆ ಬಾಗುವ ಗುಣ ಉಳಿಸಿಕೊಳ್ಳುತ್ತದೆ, ತೀರ ಒಣಗಿದರೆ ಪೆಡಸಾಗುತ್ತದೆ. ಚಳಿಯಲ್ಲೂ ಪೆಡಸುತನ ಹೆಚ್ಚು. ಹಾಗಾಗಿ ಕೊರೆವ ಚಳಿಯಲ್ಲಿ ಲಿವರನ್ನು ಎರಡು ನಿಮಿಷ ಅಂಗೈಯಲ್ಲಿ ಬೆಚ್ಚಗೆ ಹಿಡಿದು ಆಮೇಲೆ ಬಳಸುವುದು ಜಾಣತನ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಮೇಲ್ಮೈ ಮಾಸಿ ಪುಡಿಯಂತಾಗಿದ್ದರೆ ನಂಬಬೇಡಿ.

ಒಳಗೆ ಉಕ್ಕಿನ ಪಟ್ಟಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುವ ಲಿವರುಗಳೂ ಸಿಗುತ್ತವೆ. ಗಟ್ಟಿತನಕ್ಕೆ ಇವುಗಳನ್ನು ಮೀರಿಸುವುದು ಕಷ್ಟ. ಪಾರ್ಕ್ ಟೂಲ್ ಕಂಪನಿಯ ಟಿಎಲ್-6 ಸರಣಿಯದು ಈ ಜಾತಿಯದು. ಪೆಡ್ರೋಸ್ ಕಂಪನಿಯ ಲಿವರ್ ಪೂರ್ತಿ ಪ್ಲಾಸ್ಟಿಕ್ಕಿನ, ಅಗಲ ತುದಿಯ ಜಾತಿಗೆ ಒಳ್ಳೆಯ ಉದಾಹರಣೆ. ಹೊದಿಕೆಯ ಲಿವರಿನಲ್ಲಿ ಕಾಯಬೇಕಾದ್ದು ತುದಿಯ ಸವೆತ. ಹೊದಿಕೆ ಸವೆದು ಒಳಗಿನ ಉಕ್ಕು ಮಿಂಚಿತೆಂದರೆ ಅದು ಆ ಕ್ಷಣದಿಂದ ಉಕ್ಕಿನ ಲಿವರೇ. ನಿಮ್ಮ ರಿಮ್ಮನ್ನೂ ಹಾಗೆಯೇ ನಡೆಸಿಕೊಳ್ಳುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ತುದಿಯ ಒಂದೂವರೆ ಸೆಂಟಿಮೀಟರನ್ನು ಹೆಬ್ಬೆರಳು ತೋರುಬೆರಳ ನಡುವೆ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಹಿಡಿಕೆಯನ್ನು ಬಾಗಿಸಲು ನೋಡಿ. ಕತ್ತಿನಲ್ಲಿ ಮಡಚಿದಂತಾಗುವುದಾದರೆ ಬೇಡ. ಇಡೀ ಉದ್ದ ಒಂದೇ ಸಮ ಕೊಂಚ ಬಾಗಿ ನೆಟ್ಟಗಾದರೆ ಸರಿ. ಬಾಗಿಸಿದಲ್ಲಿ ಬಿಳಿಚಿದ ಗೆರೆ ಮೂಡಿದರೆ ಪ್ಲಾಸ್ಟಿಕ್ ಒಳಗೇ ಹರಿಯತೊಡಗಿದೆ ಎಂದರ್ಥ. ಅಚ್ಚಿನ ಕೂಡುಗೆರೆ ತುದಿಯಲ್ಲಿ ಉಗುರಿಗೆ ಸಿಗುವಷ್ಟು ಚೂಪಾಗಿರಬಾರದು. ಹಿಂಬದಿಯಲ್ಲಿ ಕಡ್ಡಿಗೆ ಸಿಕ್ಕಿಸುವ ಕೊಕ್ಕೆ ಇದೆಯೇ, ಅದರ ಬಾಯಿ ನಿಮ್ಮ ಕಡ್ಡಿಗೆ ಹಿಡಿಸುತ್ತದೆಯೇ ನೋಡಿ. ಚಪ್ಪಟೆ ಕಡ್ಡಿಗೆ ಕೆಲವು ಕೊಕ್ಕೆ ಹಿಡಿಸುವುದಿಲ್ಲ. ಆಳದ ರಿಮ್ಮಾದರೆ ಕೊಕ್ಕೆ ಕಡ್ಡಿಯವರೆಗೆ ಮುಟ್ಟದೆಯೂ ಇರಬಹುದು. ಬಣ್ಣ ಗಾಢ ಹಳದಿ, ಗುಲಾಬಿಯಂಥದ್ದಿರಲಿ. ಕಪ್ಪು ಲಿವರ್ ಮುರಿಯುವುದಕ್ಕಿಂತ ಹುಲ್ಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ಜೊತೆಗೆ ಒಯ್ಯಲು ಎರಡು ಸಾಕು, ಬಿಗಿ ಟೈರಿದ್ದರೆ ಮೂರು.

ಎಂಥ ಗಟ್ಟಿ ಲಿವರೂ ತಪ್ಪು ಬಳಕೆಯಲ್ಲಿ ಮುರಿಯುತ್ತದೆ. ನಿಜ ಹೇಳಬೇಕೆಂದರೆ ಲಿವರಿನ ಆಯಸ್ಸಿನ ಅರ್ಧ ಬೀಡ್ ಎಲ್ಲಿ ಕೂತಿದೆ ಎಂಬುದರಲ್ಲಿದೆ. ರಿಮ್ಮಿನ ಒಳಗೆ ನಟ್ಟನಡುವೆ ಒಂದು ತಗ್ಗು ಕಾಲುವೆ ಸುತ್ತಲೂ ಓಡುತ್ತದೆ. ಗಾಳಿ ತುಂಬಿದಾಗ ಬೀಡ್ ಆ ಕಾಲುವೆಯ ಎರಡು ಬದಿಯ ಎತ್ತರದ ಮೆಟ್ಟಿಲ ಮೇಲೆ ಕೂತಿರುತ್ತದೆ. ಬೀಡ್ ಹಿಗ್ಗುವ ವಸ್ತುವಲ್ಲ. ಮೆಟ್ಟಿಲ ಮೇಲಿರುವಾಗಲೇ ಮೀಟಿದರೆ ಅದು ಎಲ್ಲಿಗೂ ಬರಲಾರದು, ಲಿವರೇ ಸೋಲಬೇಕು. ಕಾಲುವೆಗೆ ಇಳಿಸಿದರೆ ಎದುರು ಬದಿಯಲ್ಲಿ ಸಡಿಲ ಸಿಗುತ್ತದೆ.

ಆದ್ದರಿಂದ ಮೊದಲು ಗಾಳಿಯನ್ನು ಪೂರ್ತಿ ಬಿಡಿ; ಅರೆಬರೆ ಬಿಟ್ಟರೆ ಟ್ಯೂಬು ಬೀಡನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ವಾಲ್ವ್ ಬುಡದಲ್ಲಿ ನಟ್ ಇದ್ದರೆ ತೆಗೆಯಿರಿ. ಚಕ್ರದ ಸುತ್ತ ಎರಡೂ ಬದಿಯಲ್ಲಿ ಟೈರನ್ನು ಹೆಬ್ಬೆರಳಿಂದ ನಡುವಿಗೆ ಹಿಸುಕುತ್ತ ಬನ್ನಿ. ಎಲ್ಲಾದರೂ ಅಂಟಿಕೊಂಡಿದ್ದರೆ ಅಂಗೈಯಿಂದ ಒತ್ತಿ ಬಿಡಿಸಿ, ಲಿವರಿನಿಂದ ಬೇಡ. ವಾಲ್ವ್ ಇರುವಲ್ಲಿ ಬೀಡ್ ಕಾಲುವೆಗೆ ಪೂರ್ತಿ ಇಳಿಯದು. ಹಾಗಾಗಿ ಮೀಟುವುದನ್ನು ವಾಲ್ವಿಗೆ ತೀರ ತಾಗದಂತೆ, ಅದರಿಂದ ಅರ್ಧ ಗೇಣು ಪಕ್ಕದಲ್ಲಿ ಶುರುಮಾಡಿ; ಎದುರು ಬದಿಯ ಬೀಡ್ ಆಗ ಕಾಲುವೆಯಲ್ಲಿ ಆಳಕ್ಕೆ ಕೂತಿರಬಲ್ಲದು. ಮೊದಲ ಲಿವರ್ ಹಾಕಿ ಕಡ್ಡಿಗೆ ಸಿಕ್ಕಿಸಿ. ಎರಡನೆಯದನ್ನು ಎರಡು ಕಡ್ಡಿ ಆಚೆ, ಅಂದರೆ 36 ಕಡ್ಡಿಯ 622 ಚಕ್ರದಲ್ಲಿ ಸುಮಾರು 10 ಸೆಂ.ಮೀ. ದೂರದಲ್ಲಿ ಹಾಕಿ. ಲಿವರ್ ಮುರಿಯುವ ಇನ್ನೊಂದು ಗಳಿಗೆ ಇದು: ಅವಸರಕ್ಕೆ 20 ಸೆಂ.ಮೀ. ದೂರ ಹೋದರೆ ಒಂದೇ ಮೀಟಿಗೆ ಅಷ್ಟುದ್ದದ ಬೀಡನ್ನು ಎತ್ತಬೇಕಾಗುತ್ತದೆ. ಎರಡನೆಯದು ಬಾರದಿದ್ದರೆ ಬಲ ಹೆಚ್ಚಿಸಬೇಡಿ, ಹತ್ತಿರಕ್ಕೆ ತನ್ನಿ. ಮತ್ತೊಮ್ಮೆ ಎದುರು ಬದಿ ಹಿಸುಕಿ. ಆಗಲೂ ಬಾರದಿದ್ದರೆ ರಿಮ್ಮಿನ ಒಳಪಟ್ಟಿ ದಪ್ಪವಾಗಿದ್ದು ಕಾಲುವೆ ತುಂಬಿರಬಹುದು. ಮುಂದಿನ ಸಲ ತೆಳು ಪಟ್ಟಿ ಹಾಕಿ. ಬೀಡಿಗೆ ಸೋಪುನೀರು ಸವರಿದರೆ ಜಾರಿ ಬರುತ್ತದೆ. ಎಣ್ಣೆ ಬೇಡ, ರಬ್ಬರಿಗೂ ಒಳ್ಳೆಯದಲ್ಲ, ಬ್ರೇಕಿಗೂ ಅಪಾಯ.

ಟೈರ್ ಮತ್ತೆ ಹಾಕುವಾಗ ಲಿವರಿನ ಅಗತ್ಯ ಬೀಳದಿರುವುದೇ ಉತ್ತಮ. ಟ್ಯೂಬಿಗೆ ಅದರ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ, ವಾಲ್ವಿನ ಎದುರಿನಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣನ್ನು ಅಂಗೈಯ ಬುಡದಿಂದ ಉರುಳಿಸಿ ದಾಟಿಸಿ. ಲಿವರ್ ಬಳಸಲೇಬೇಕಾದರೆ ಬೀಡಿನ ಅಡಿಯಲ್ಲಿ ಟ್ಯೂಬು ಇಣುಕುತ್ತಿಲ್ಲವೆಂದು ಮೊದಲು ನೋಡಿಕೊಳ್ಳಿ.

ತುದಿಯಲ್ಲಿ ಮುಳ್ಳೆದ್ದರೆ 400 ನಂಬರಿನ ಮರಳುಕಾಗದದಿಂದ ಉಜ್ಜಿ ನುಣುಪಾಗಿಸಿ. ಕತ್ತಿನಲ್ಲಿ ಬಿಳಿ ಗೆರೆ ಕಂಡ ಲಿವರನ್ನು ಚೀಲದಿಂದ ತೆಗೆದು ಎಸೆಯಿರಿ, ಅದು ಮುಂದಿನ ಬಿಗಿ ಟೈರಿಗೆ ಮುರಿಯುತ್ತದೆ. ಬಳಸುವಾಗಲೇ ತುದಿ ಮುರಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಆ ಚೂರು ಹುಡುಕಿ. ಹೆಚ್ಚಾಗಿ ಅದು ಟೈರಿನ ಒಳಗೆ ಬಿದ್ದಿರುತ್ತದೆ. ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ಹೊರತೆಗೆಯದೆ ಹೊಸ ಟ್ಯೂಬು ಹಾಕಬೇಡಿ.