ಹುಲ್ಲಿಗೆ ಬೆಂಕಿ ಹಚ್ಚೋದು ಬಿಟ್ಟ ಮೇಲೆ

ನಮ್ಮ ಸಿಂಧನೂರು ಕಡೆ ಭತ್ತದ ಕೊಯ್ಲು ಮುಗಿದರೆ ಸಂಜೆ ಹೊತ್ತು ಎತ್ತ ನೋಡಿದರೂ ಹೊಗೆ. ಮಷೀನ್ ಕೊಯ್ಲಲ್ಲಿ ಹುಲ್ಲು ಹೊಲದ ತುಂಬಾ ಚದುರುತ್ತದೆ, ಅದನ್ನು ಕೂಡಿಸೋಕೆ ಆಳು ಸಿಗಲ್ಲ. ಕಡ್ಡಿ ಗೀರಿದರೆ ಕೆಲಸ ಮುಗೀತು. ನಾನೂ ವರ್ಷಗಟ್ಟಲೆ ಗೀರಿದವನೇ.

ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿದೆ. ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಸಗಣಿಯಿಂದ ಮಣ್ಣಿಗೆ ಸೇರುವ ಇಂಗಾಲ, ಶೇಕಡಾ 0.4 ಬಂತು. 0.5ರ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಯೂರಿಯಾ ಚೀಲ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಸರಿ, ಗೊಬ್ಬರ ಮಾಡೋಣ ಅಂತ ಒಂದೆಕರೆ ಹುಲ್ಲು ಒಟ್ಟಿ, ಮೇಲೆ ನಾಲ್ಕು ಬುಟ್ಟಿ ಸಗಣಿ ಕದಡಿ ಸುರಿದೆ. ಎರಡು ತಿಂಗಳು ಬಿಟ್ಟು ಕೆದರಿದರೆ ಒಳಗೆಲ್ಲ ಒಣಹುಲ್ಲೇ. ‘ಎಮ್ಮಿಗೆ ಹಾಕು, ಇನ್ನೂ ತಿಂತಾವ’ ಅಂತ ಕಾಕಾ ನಕ್ಕರು.

ತಪ್ಪು ನನ್ನದೇ. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 60ರಿಂದ 80 ಪಾಲು. ಕೊಳೆಸುವ ಜೀವಿಗಳಿಗೆ ಅದು 25–30ಕ್ಕೆ ಇಳಿಯಬೇಕು, ಅದಕ್ಕೆ ಸಾರಜನಕ ಹೆಚ್ಚಿರುವ ಹಸಿ ಸಗಣಿ, ಹಸಿರು ಸೊಪ್ಪು ಸೇರಬೇಕು. ಮುಂದಿನ ಸಲ ಬೇವಿನ ನೆರಳಲ್ಲಿ ಒಟ್ಟಿದೆ. ಒಂದು ಗೇಣು ಹುಲ್ಲು, ಅದರ ಮೇಲೆ ಹಸಿ ಸಗಣಿ, ಬದುವಿನ ಗ್ಲಿರಿಸಿಡಿಯಾ ಸೊಪ್ಪು, ಒಂದು ಬುಟ್ಟಿ ಹಳೇ ತಿಪ್ಪೆಗೊಬ್ಬರ. ಹೀಗೆ ಎದೆಮಟ್ಟ. ಪ್ರತಿ ಪದರಕ್ಕೂ ನೀರು. ಹಿಡಿ ತುಂಬಾ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಸುರಿಯಬಾರದು. ನಮ್ಮ ಬಿಸಿಲಿಗೆ ಎರಡೇ ದಿನಕ್ಕೆ ಮೇಲೆ ಗರಿಗರಿಯಾಗುತ್ತದೆ. ಅದಕ್ಕೆ ಹಳೇ ಗೋಣಿಚೀಲ ಹೊದಿಸಿದೆ.

ನಾಲ್ಕನೇ ದಿನ ಹಾರೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ತುದಿ ಹಿಡಿಯೋಕೆ ಆಗಲಿಲ್ಲ, ಅಷ್ಟು ಬಿಸಿ! ಹದಿನೈದು ದಿನಕ್ಕೆ ಮಗುಚಿದಾಗ ಒಳಗಿನ ಹುಲ್ಲಿನ ಮೇಲೆ ಬೂದಿ ಉದುರಿಸಿದಂತೆ ಬಿಳಿ. ಕೆಟ್ಟ ಬೂಷ್ಟು ಅಂದುಕೊಂಡು ಹೆದರಿದೆ. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಅದು ಆಕ್ಟಿನೊಮೈಸೀಟ್ಸ್, ಗಟ್ಟಿ ನಾರು ಕೊಳೆಸುವ ಜೀವಿ.

ಅಲ್ಲಿಗೇ ಅವಸರ ಬಿದ್ದೆ. ಕಾಲುವೆಗೆ ನೀರು ಬಿಟ್ಟರು ಅಂತ ಒಂದೂವರೆ ತಿಂಗಳ ಅರೆಬೆಂದ ಗೊಬ್ಬರವನ್ನೇ ಗದ್ದೆಗೆ ಚೆಲ್ಲಿ ನಾಟಿ ಮಾಡಿಸಿದೆ. ಹತ್ತು ದಿನಕ್ಕೆ ಪೈರು ಹಳದಿ. ಉಳಿದ ಹುಲ್ಲು ಕೊಳೆಸೋಕೆ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡಿದ್ದವು. ಯೂರಿಯಾ ಕೊಟ್ಟೇ ಉಳಿಸಿಕೊಳ್ಳಬೇಕಾಯಿತು. ಈಗ ಕಪ್ಪಾಗಿ, ತಣ್ಣಗಾಗಿ, ಪುಡಿಪುಡಿಯಾಗುವ ತನಕ ಮುಟ್ಟಲ್ಲ.

ಮೂರು ವರ್ಷವಾಯಿತು. ಹೋದ ಮಳೆಗಾಲ ತೊಗರಿ ಹಾಕಿದ ಮೇಲ್ಗಡೆ ತುಂಡಿನಲ್ಲಿ ಸಲಿಕೆ ಹಾಕಿದರೆ ಎರೆಹುಳು ಸಿಕ್ಕವು. ನೀರು ನಿಂತ ಗದ್ದೆಯಲ್ಲಿ ಅವನ್ನು ಹುಡುಕಬೇಡಿ, ಉಸಿರಾಡೋಕೆ ಗಾಳಿ ಬೇಕಲ್ವಾ. ಕಾಲುವೆ ಪಕ್ಕದ ಸವಳು ತುಂಡು ಮಾತ್ರ ಇನ್ನೂ ಹಾಗೇ ಇದೆ. ಅಲ್ಲಿ ಬಸಿಗಾಲುವೆ ತೋಡದೆ ಸುಮ್ನೆ ಗೊಬ್ಬರ ಸುರಿದರೆ ಉಪ್ಪು ಹೋಗಲ್ಲ.

ಈ ಸಲ ಪಕ್ಕದ ಹೊಲದವರ ಹುಲ್ಲನ್ನೂ ಕೇಳಿದ್ದೇನೆ. ಕೊಡ್ತೀನಿ ಅಂದಿದ್ದಾರೆ, ಟ್ರ್ಯಾಕ್ಟರ್ ಬಾಡಿಗೆ ನನ್ನದಂತೆ.