ಖಾಲಿ ಬ್ಯಾಗನ್ನೇ ಮೊದಲು ತೂಗಿ

ಮನೆಯಿಂದ ಯಾರಾದರೂ ವಿಮಾನದಲ್ಲಿ ಹೊರಟರೆ ನಾನು ಹೇಳುವ ಮೊದಲ ಮಾತು ಇದೇ: ಬಟ್ಟೆ ಮಡಚೋದು ಆಮೇಲೆ, ಖಾಲಿ ಬ್ಯಾಗನ್ನು ಒಮ್ಮೆ ತೂಗಿ ನೋಡಿ. ಗಟ್ಟಿ ಮೈಯ, ನಾಲ್ಕು ಚಕ್ರದ ಟ್ರಾಲಿ ಎಳೆಯಲು ಸಲೀಸು, ನಿಜ. ಆದರೆ ಏನೂ ತುಂಬದೆಯೇ ಅದು 3 ಕೆಜಿ ತೂಗುವುದುಂಟು. ಕೈಯಲ್ಲಿ ಒಯ್ಯಲು ಬಿಡೋದೇ 7 ಕೆಜಿ ಅಂದರೆ, ಹೆಚ್ಚುಕಡಿಮೆ ಅರ್ಧ ಬ್ಯಾಗಿಗೇ ಹೋಯಿತಲ್ಲ! ಬಟ್ಟೆಯ ಬೆನ್ನುಚೀಲ 1 ಕೆಜಿ ಆಸುಪಾಸಿನಲ್ಲೇ ಇರುತ್ತದೆ. ಬೆನ್ನುನೋವು ಇಲ್ಲದವರಿಗೆ ನಾನು ಅದನ್ನೇ ಹೇಳುತ್ತೇನೆ.

7 ಕೆಜಿ ಅನ್ನೋದು ಎಲ್ಲ ವಿಮಾನ ಕಂಪನಿಗಳ ನಿಯಮವಲ್ಲ. ಕೆಲವರು 8, ಕೆಲವರು 10 ಕೆಜಿ ಬಿಡುತ್ತಾರೆ. ಇನ್ನು ಕೆಲವರು ತೂಕ ಕೇಳುವುದೇ ಇಲ್ಲ, ಉದ್ದ ಅಗಲ ಮಾತ್ರ ನೋಡುತ್ತಾರೆ. ಲ್ಯಾಪ್‌ಟಾಪ್ ಬ್ಯಾಗ್ ಬೇರೆ ಲೆಕ್ಕವೋ, ಎರಡೂ ಸೇರಿ 7 ಕೆಜಿಯೋ ಅನ್ನೋದನ್ನು ಟಿಕೆಟ್ಟಿನ ನಿಯಮದಲ್ಲಿ ಓದಿಕೊಳ್ಳಿ. ದಾರಿಯಲ್ಲಿ ಬೇರೆ ಕಂಪನಿಯ ವಿಮಾನ ಹತ್ತುವುದಿದ್ದರೆ, ಯಾರದು ಕಡಿಮೆಯೋ ಆ ಲೆಕ್ಕಕ್ಕೇ ತುಂಬಿ.

ತೂಗಲು ಕೊಕ್ಕೆ ಇರುವ ಪುಟ್ಟ ಲಗೇಜ್ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನುಷ್ಯರ ತೂಕ ನೋಡುವ ಯಂತ್ರ ಸಾಕು. ಬ್ಯಾಗನ್ನು ಸುಮ್ನೆ ಅದರ ಮೇಲಿಟ್ಟರೆ ಅಂಕಿಯೇ ಮುಚ್ಚಿಹೋಗುತ್ತದೆ. ಅದಕ್ಕೇ ಬ್ಯಾಗ್ ಹಿಡಿದು ನೀವೇ ನಿಲ್ಲಿ, ಆಮೇಲೆ ಬರಿಗೈಯಲ್ಲಿ ನಿಲ್ಲಿ, ಕಳೆಯಿರಿ. 7 ಕೆಜಿ ಇದ್ದರೆ ಆರೂವರೆಗೇ ನಿಲ್ಲಿಸಿಬಿಡಿ. ಮನೆಯ ಯಂತ್ರಕ್ಕೂ ಕೌಂಟರಿನ ಯಂತ್ರಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಜೊತೆಗೆ ಹೊರಡುವ ಗಳಿಗೆಯಲ್ಲಿ ಏನಾದರೂ ಒಂದು ತುರುಕುವುದು ಇದ್ದೇ ಇರುತ್ತದೆ.

ತೂಕ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಎಲ್ಲವನ್ನೂ ಮಂಚದ ಮೇಲೆ ಹರಡಿ, ಒಂದೊಂದನ್ನೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ದಪ್ಪ ಜೀನ್ಸ್ ಒಂದು 700 ಗ್ರಾಂ ಬರಬಹುದು. ಅಷ್ಟರಲ್ಲಿ ತೆಳು ಟೀ ಶರ್ಟ್ ನಾಲ್ಕು ಬರುತ್ತವೆ. ಒಂದು ಜೊತೆ ಶೂ ಮುಕ್ಕಾಲು ಕೆಜಿ. ಲ್ಯಾಪ್‌ಟಾಪ್ ಚಾರ್ಜರ್ ಕೂಡ ಕಾಲು ಕೆಜಿ ದಾಟುವುದುಂಟು. ಭಾರದ ಶೂ, ಜೀನ್ಸ್, ಜಾಕೆಟ್ ಇವನ್ನು ತೊಟ್ಟುಕೊಂಡೇ ಹೋಗಿ. ಸಾಮಾನ್ಯವಾಗಿ ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ. ಜಾಕೆಟ್ಟಿನ ಜೇಬುಗಳಲ್ಲಿ ಚಾರ್ಜರ್, ಕ್ಯಾಮೆರಾ ಹಿಡಿಸುತ್ತವೆ.

ಶಾಂಪೂ, ಎಣ್ಣೆ, ಕ್ರೀಮು ಚಿಕ್ಕ ಬಾಟಲಿಗೆ ಬಗ್ಗಿಸಿಕೊಳ್ಳಿ. ಕೈಬ್ಯಾಗಿನಲ್ಲಿ ದ್ರವದ ಬಾಟಲಿ 100 ಮಿಲಿಗಿಂತ ದೊಡ್ಡದಿರಬಾರದು ಅನ್ನುವ, 2006ರಿಂದ ಬಂದ ನಿಯಮ ಕೆಲವು ನಿಲ್ದಾಣಗಳಲ್ಲಿ ಸಡಿಲವಾಗಿದೆ, ಆದರೂ ಬಹಳ ಕಡೆ ಇನ್ನೂ ಇದೆ. ಅಲ್ಲಿ ನೋಡುವುದು ಬಾಟಲಿಯ ಅಳತೆಯನ್ನು. 200 ಮಿಲಿ ಬಾಟಲಿಯ ತಳದಲ್ಲಿ ನಾಲ್ಕು ಹನಿ ಉಳಿದಿದ್ದರೂ ಬಿಡುವುದಿಲ್ಲ. ನೀರಿನ ಬಾಟಲಿ ಖಾಲಿ ಒಯ್ದು, ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ.

ಒಂದು ವಿಷಯವನ್ನು ಮಾತ್ರ ನಾನು ಒತ್ತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ವಿಮಾನದ ಬಾಗಿಲಿಗೆ ಹೋಗುವ ಹೊತ್ತಿಗೆ ನನ್ನ ಬ್ಯಾಗ್ ತೂಕ ಜಾಸ್ತಿಯಾಯಿತು ಅಂತ ತೆಗೆದುಕೊಂಡು, ಚೀಟಿ ಕಟ್ಟಿ ಕೆಳಗಿನ ಸಾಮಾನಿನ ಗೂಡಿಗೆ ಕಳಿಸಿಬಿಟ್ಟರು. ಹಿಂದೆ ಸಾಲು ನಿಂತಿತ್ತು. ಗಾಬರಿಯಲ್ಲಿ ನಾನೂ ಕೊಟ್ಟುಬಿಟ್ಟೆ. ಬಿಪಿ ಮಾತ್ರೆ, ಓದುವ ಕನ್ನಡಕ ಎರಡೂ ಅದರೊಳಗೇ ಇದ್ದವು. ಇಳಿದು ಬ್ಯಾಗ್ ಕೈಗೆ ಸಿಗುವಷ್ಟರಲ್ಲಿ ಮಾತ್ರೆಯ ಹೊತ್ತು ಮೀರಿ ಎಷ್ಟೋ ಗಂಟೆ ಆಗಿತ್ತು. ಅವತ್ತಿನಿಂದ ತೆಳು ಬಟ್ಟೆಯ ಒಂದು ಪುಟ್ಟ ಚೀಲವನ್ನು ಬ್ಯಾಗಿನ ಬಾಯಲ್ಲೇ, ಎಲ್ಲದಕ್ಕಿಂತ ಮೇಲೆ ಇಡುತ್ತೇನೆ. ಮಾತ್ರೆ, ಡಾಕ್ಟರ ಚೀಟಿ, ಪಾಸ್‌ಪೋರ್ಟ್, ಕನ್ನಡಕ, ಮನೆ ಕೀಲಿ, ದುಡ್ಡು, ಪವರ್ ಬ್ಯಾಂಕ್ ಎಲ್ಲ ಅದರಲ್ಲಿ. ಬ್ಯಾಗ್ ಕೊಡಿ ಅಂದರೆ ಜಿಪ್ ಎಳೆದು ಆ ಚೀಲ ತೆಗೆದುಕೊಂಡು ಕೊಡುತ್ತೇನೆ. ನೀವೂ ಹಾಗೆ ಮಾಡಿ, ದಯವಿಟ್ಟು.

ಪವರ್ ಬ್ಯಾಂಕ್ ಅಂತೂ ಕೆಳಗೆ ಹೋಗಲೇಬಾರದು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ, ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಕೂಡಲೇ ನೋಡಿ ಆರಿಸಬಹುದು. ಸಾಮಾನಿನ ಗೂಡಿನಲ್ಲಿ ಯಾರಿರುತ್ತಾರೆ? ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತದೆ ಅನ್ನುವುದನ್ನು ವಾಟ್ ಅವರ್‌ನಲ್ಲಿ ಅಳೆಯುತ್ತಾರೆ; 100 ವಾಟ್ ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ಮುಂಚಿತ ಅನುಮತಿ ಬೇಡ. ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ (mAh) ಅಂತ ಬರೆದಿದ್ದರೆ ಅದು ಸುಮಾರು 74 ವಾಟ್ ಅವರ್ ಆಗುತ್ತದೆ. ಅದರ ಮೇಲೆ ಅಚ್ಚಾದ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತಕರಾರು ಬರಬಹುದು, ಮೊದಲೇ ನೋಡಿಕೊಳ್ಳಿ.

ಎಷ್ಟು ಕಡಿಮೆ ಮಾಡಿದರೂ ಆಗಲಿಲ್ಲವೇ? ಮನೆಯಲ್ಲಿರುವಾಗಲೇ ಆನ್‌ಲೈನಿನಲ್ಲಿ ಹೆಚ್ಚುವರಿ ಲಗೇಜಿಗೆ ದುಡ್ಡು ಕಟ್ಟಿಬಿಡಿ. ಗೇಟಿನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಅದು ಕಡಿಮೆಗೆ ಆಗುತ್ತದೆ. ಮನೆಯವರು ಜೊತೆಗಿದ್ದರೆ ಹಂಚಿಕೊಳ್ಳಿ. ಪರಿಚಯವಿಲ್ಲದವರು ನಮ್ಮದೊಂದು ಪೊಟ್ಟಣ ಇಟ್ಟುಕೊಳ್ಳಿ ಅಂದರೆ ಮಾತ್ರ ಖಂಡಿತ ಬೇಡ ಅನ್ನಿ.

ಮನೆಯಲ್ಲಿ ತೂಗಿದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಒಳಜೇಬಿನಲ್ಲಿಡಿ. ವಾಪಸ್ ಬರುವಾಗ ಅಲ್ಲಿ ತಕ್ಕಡಿ ಸಿಗದಿದ್ದರೂ, ಹೊಸದಾಗಿ ಸೇರಿದ ಸಾಮಾನಿನ ತೂಕವನ್ನಷ್ಟೇ ಅದಕ್ಕೆ ಕೂಡಿಕೊಂಡರೆ ಅಂದಾಜು ಸಿಕ್ಕಿಬಿಡುತ್ತದೆ.